ಕೂಸುಗಳ ಮನೆಗೆ ಪಾಠ ಹೇಳಾಕ ಹೋಗಿ

ನಮ್ಮ ಕೆಲಸದಲ್ಲಿ ನಗೆಪಾಟಲಾಗದ ದಿನ ಅಂದರೆ ರವಿವಾರ ಒಂದೇ. ಅದೂ ಎಲ್ಲ ರವಿವಾರ ಅಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕಿನಲ್ಲಿ ಕೂಲಿನಾಲಿ ಮಾಡಿ ಬದುಕುವವರ ಮನೆಗಳಿಗೆ ಹೋಗಿ, ಸಣ್ಣ ಕೂಸುಗಳಿಗೆ ಏನು ಉಣಿಸಬೇಕು, ಹೇಗೆ ಆಡಿಸಬೇಕು, ಹೇಗೆ ಮಾತಾಡಿಸಬೇಕು ಅಂತ ತಾಯಂದಿರಿಗೆ ಹೇಳಿಕೊಡುವುದು ನನ್ನ ನೌಕರಿ. ಸಣ್ಣದೊಂದು ಸಂಸ್ಥೆ. ನನ್ನ ಹತ್ತಿರ ಮಕ್ಕಳ ಬೆಳವಣಿಗೆ ಬಗ್ಗೆ ಓದಿ ತಗೊಂಡ ಒಂದು ಡಿಗ್ರಿ ಇದೆ, ಹೆಗಲಿಗೆ ಒಂದು ಬಟ್ಟೆಚೀಲ ಇದೆ. ಚೀಲದಲ್ಲಿ ಚಿತ್ರದ ಕಾರ್ಡು, ಮರದ ಆಟಿಗೆ ಸಾಮಾನು, ಕೈಗೆ ಹಾಕಿಕೊಂಡು ಕುಣಿಸುವ ಆನೆ ಗೊಂಬೆ. ಇಷ್ಟಿದ್ದರೆ ಜಿಲ್ಲೆಯನ್ನೇ ತಿದ್ದಿಬಿಡಬಹುದು ಅಂತ ಹೊಸದಾಗಿ ಸೇರಿದಾಗ ಅಂದುಕೊಂಡಿದ್ದೆ. ಜಿಲ್ಲೆ ಹೆಂಗಿತ್ತೋ ಹಂಗೇ ಐತಿ. ತಿದ್ದಿಸಿಕೊಂಡಾಕಿ ನಾನು.

ಚೀಲದ ಅಕ್ಕಾರು

ಕೆಲಸದ ಮೊದಲ ದಿನ. ಹಾವೇರಿಯ ಒಂದು ಓಣಿಯಲ್ಲಿ, ನಾಲ್ಕು ಮನೆಯ ಮುಸುರೆ ತಿಕ್ಕಿ ಬದುಕುವ ಹೆಣ್ಣುಮಗಳ ಮನೆ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಗೋದನ್ನ ಪ್ರಾಕ್ಟೀಸ್ ಮಾಡಿಕೊಂಡು ಹೋಗಿದ್ದೆ. ಆ ನಗು ಹೊತ್ತು ಹೊಸ್ತಿಲು ದಾಟಿದ್ದೇ ತಡ, ನಾಲ್ಕು ವರ್ಷದ ಮಗ ಚಿಟ್ಟನೆ ಚೀರಿ ಮಂಚದ ಕೆಳಗೆ ಸೇರಿದ.

ತಾಯಿಗೆ ನಾಚಿಕೆ ಆಯಿತು. "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಉಣ್ಣಲಿಲ್ಲಂದ್ರ ಚೀಲದ ಅಕ್ಕಾರು ಬಂದು ಸೂಜಿ ಚುಚ್ಚತಾರ ಅಂತ ದಿನಾ ಅಂಜಸ್ತಿದ್ದೆ. ನೀವು ಖರೇನ ಚೀಲ ತಗೊಂಡ ಬಂದ್ರಿ."

ನನಗೆ ಹುರುಪು ಬಂತು. ಟ್ರೇನಿಂಗಿನಲ್ಲಿ ಹೇಳಿದ್ದು ಇಂಥ ಹೊತ್ತಿಗೇ ಅಲ್ಲವೇ? ಇಸ್ತ್ರಿ ಸೀರೆಯಲ್ಲೇ ನೆಲದ ಮೇಲೆ ಅಡ್ಡಬಿದ್ದು, ಕೈಗೆ ಆನೆ ಹಾಕಿಕೊಂಡು ಮಂಚದ ಕೆಳಗೆ ತೂರಿಸಿದೆ. ಆನೆ ಹಾಡಿತು, ಕುಣಿಯಿತು, ಸೊಂಡಿಲು ಆಡಿಸಿತು. ಅರ್ಧ ತಾಸಾಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲಿ ನೆರೆದರು. ಕೊನೆಗೆ ಹುಡುಗ ಹೊರಗೆ ಬಂದ. ನಾನು ಎದ್ದು ಧೂಳು ಝಾಡಿಸಿಕೊಂಡು, "ನೋಡ್ರಿ, ಪ್ರೀತಿಯಿಂದ ಕರೆದ್ರ ಮಕ್ಕಳು ಬಂದ ಬರ್ತಾವ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದೆ.

ಹುಡುಗ ನೆಟ್ಟಗೆ ನನ್ನ ಮುಂದೆ ಬಂದು ನಿಂತ. ಅಂಗಿಯ ತೋಳು ಮೇಲೇರಿಸಿದ. ಕಣ್ಣು ಮುಚ್ಚಿಕೊಂಡ.

"ಲಗೂ ಚುಚ್ಚಿ ಹೋಗ್ರಿ. ಆನಿ ಹಾಡ ಸಾಕು."

ನಾಲ್ಕು ಪುಟದ ಭಾಷಣ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುವ ಶೆಡ್ಡುಗಳಿವೆ. ಬಾಜೂಕ ಕೂಸುಗಳು. ಅದೇ ಘಾಟಿನಲ್ಲಿ ಆಡಿ, ಅದೇ ಕೈ ಕಣ್ಣಿಗೆ ಹಚ್ಚಿಕೊಂಡು ಅಳುತ್ತಿದ್ದವು. ನಾವು ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು, ತೊಟ್ಟಿಲು ಕಟ್ಟಿ, ಫ್ಯಾನ್ ಹಾಕಿ, ನೋಡಿಕೊಳ್ಳಲು ಒಬ್ಬ ಆಯಾಳನ್ನೂ ಇಟ್ಟೆವು. ಎರಡು ವಾರವಾದರೂ ಒಂದು ಕೂಸೂ ಬರಲಿಲ್ಲ. "ಗುರ್ತಿಲ್ಲದವರ ಕೈಯಾಗ ಕೂಸು ಹೆಂಗ ಬಿಡೂದ್ರಿ?" ಅನ್ನುತ್ತಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಒಳ್ಳೆಯ ಭಾಷಣ ಬಿಗಿದರೆ ಸರಿ ಹೋಗುತ್ತದೆ ಅಂತ ನನಗೆ ಅನ್ನಿಸಿತು. ನಾಲ್ಕು ಪುಟ ಬರೆದೆ. ಊಟದ ಹೊತ್ತಿಗೆ ಶೆಡ್ಡಿಗೆ ಹೋಗಿ, ನಾನೂ ನಿಮ್ಮವಳೇ ಅಂತ ತೋರಿಸಲು ನಾಲ್ಕು ಮೆಣಸಿನಕಾಯಿಯ ತೊಟ್ಟು ಮುರಿದು, ನಿಂತು ಶುರು ಮಾಡಿದೆ.

"ತಾಯಂದಿರೇ" ಅಂದೆ. ಗಂಟಲು ಕಟ್ಟಿತು.

"ಮಗುವಿನ ಮೊದಲ" ಅಂದೆ. ಕಣ್ಣಲ್ಲಿ ನೀರು.

ಒರೆಸಿಕೊಂಡೆ. ತೊಟ್ಟು ಮುರಿದ ಕೈಯಿಂದಲೇ! ಅಲ್ಲಿಗೆ ಮುಗಿಯಿತು. ನಾಲ್ಕು ಪುಟ ಕೈಯಲ್ಲಿ ಹಿಡಿದು ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ನಿಂತೆ. ಮುದುಕಿಯೊಬ್ಬಳು ಎದ್ದು ಬಂದು ನನ್ನನ್ನು ಎದೆಗೆ ಅವಚಿಕೊಂಡಳು. "ಅಳಬ್ಯಾಡ ನನ್ನವ್ವಾ, ಅಳಬ್ಯಾಡ." ಆಮೇಲೆ ಉಳಿದವರ ಕಡೆ ತಿರುಗಿ, "ನೋಡ್ರೇ! ಹಡದ ನಾವು ಸುಮ್ನ ಕುಂತೇವಿ, ಮಂದಿ ಮಕ್ಕಳ ಸಲುವಾಗಿ ಈಕಿ ಅಳಾಕತ್ಯಾಳ!" ಅಂದಳು.

ಮರುದಿನ ಖೋಲಿಯಲ್ಲಿ ಹನ್ನೊಂದು ಕೂಸು.

ನನಗೆ ಒಳಗೊಳಗೇ ಚುಚ್ಚುತ್ತಿತ್ತು. ವಾರ ಬಿಟ್ಟು ಆ ಮುದುಕಿಯ ಬಳಿ ಕೂತು, "ಅಮ್ಮಾ, ಅವತ್ತ ನಾ ಅತ್ತದ್ದು ಖಾರಕ್ಕ" ಅಂತ ಒಪ್ಪಿಕೊಂಡೆ.

ಮುದುಕಿ ತೊಟ್ಟು ಮುರಿಯುವುದನ್ನು ನಿಲ್ಲಿಸಲೇ ಇಲ್ಲ. "ಗೊತ್ತೈತಿ ಬಿಡವ್ವಾ. ಇಷ್ಟ ವರ್ಷ ಇಲ್ಲೇ ಕುಂತೇನಿ, ಖಾರದ ಅಳು ಯಾವುದು, ಕರುಳಿನ ಅಳು ಯಾವುದು ನನಗ ತಿಳಿಯಂಗಿಲ್ಲೇನ? ನಿಮ್ಮ ಖೋಲಿ ತಂಪ ಐತಿ ಅಂತ ಮೊದಲ ನೋಡಿ ಬಂದಿದ್ದೆ. ಈ ಹುಡುಗ್ಯಾರಿಗೆ ಹೇಳಾಕ ಒಂದು ನೆವ ಬೇಕಾಗಿತ್ತು."

ಇನ್ನೊಂದು ತೊಟ್ಟು ಮುರಿದು ಅಂದಳು: "ಆ ಭಾಷಣ ನೀ ಪೂರಾ ಮಾಡಿದ್ದಿ ಅಂದ್ರ ಒಬ್ಬಾಕಿನೂ ಕಳಸ್ತಿದ್ದಿಲ್ಲ."

ತೂಕ

ಗುತ್ತಲದ ಕಡೆ ಒಂದು ಎರಡು ವರ್ಷದ ಕೂಸು. ತಂದೆತಾಯಿ ದುಡಿಯಲು ಬೇರೆ ಊರಿಗೆ ಹೋಗಿದ್ದರು, ಅಜ್ಜಿ ಸಾಕುತ್ತಿದ್ದಳು. ಎರಡು ತಿಂಗಳಿಂದ ಕೂಸಿನ ತೂಕ ಏರಿರಲಿಲ್ಲ. ಪ್ರತಿ ಸಲ ತಕ್ಕಡಿ ನೋಡಿ ನಾನು ಮುಖ ಬಾಡಿಸಿಕೊಂಡು ಶೇಂಗಾ, ತತ್ತಿ, ಬೇಳೆ ಅಂತ ಅದೇ ಪಾಠ ಒಪ್ಪಿಸಿ ಬರುತ್ತಿದ್ದೆ.

ಮೂರನೇ ತಿಂಗಳು ತೂಗಿದರೆ ಹತ್ತಿರ ಹತ್ತಿರ ಒಂದು ಕೆಜಿ ಜಾಸ್ತಿ! ನಾನು ಅಜ್ಜಿಯನ್ನು ತಬ್ಬಿಕೊಂಡೆ. ಫೋಟೊ ಹೊಡೆದು, "ನಿರಂತರ ಮಾರ್ಗದರ್ಶನದ ಫಲ" ಅಂತ ಬರೆದು ಆಫೀಸಿನ ಗ್ರೂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳು ಬರತೊಡಗಿದವು. ಕೂಸನ್ನು ಕೆಳಗಿಳಿಸುವಾಗ ಅದರ ಕಿಸೆಯಿಂದ ಠಣ್ ಅಂತ ಅಜ್ಜಿ ಅಡಕೆ ಕತ್ತರಿಸುವ ಅಡಕತ್ತರಿ ಬಿತ್ತು. ಇನ್ನೊಂದು ಕಿಸೆಯಲ್ಲಿ ಬಾಗಿಲಿನ ದೊಡ್ಡ ಕೀಲಿ.

"ಇದೇನಮ್ಮಾ?" ಅಂದೆ.

"ಮತ್ತೇನ ಮಾಡ್ಲಿ? ತಕ್ಕಡಿ ನೋಡಿದ ಕೂಡಲೇ ನಿನ್ನ ಮಾರಿ ಇಷ್ಟು ಸಣ್ಣ ಆಗ್ತೈತಿ. ಕೂಸು ಆಡ್ಕೊಂಡ ಆರಾಮ ಐತಿ. ನನಗ ನಿಂದ ಚಿಂತಿ ಹತ್ತಿತ್ತು."

ಎಲ್ಲ ತೆಗೆದು ಮತ್ತೆ ತೂಗಿದೆ. ಖರೇನೇ ಕಾಲು ಕೆಜಿ ಏರಿತ್ತು. ನನಗೆ ಕುಣಿಯುವಷ್ಟು ಖುಷಿ. ಕಾಲು ಕೆಜಿ ಅಂದರೂ ಭಾಳ ಆಯಿತು ಅಂತ ಅಜ್ಜಿಗೆ ಹೇಳಿದೆ.

ಅಜ್ಜಿಗೆ ಸಿಟ್ಟು ಬಂತು. "ಇಷ್ಟಕ್ಕ ನಗತಿ ಅಂತ ಮೊದಲ ಹೇಳಬಾರದೇನ? ಮುಂಜಾನಿಂದ ಎಲಿ-ಅಡಕಿ ಇಲ್ದ ಕುಂತೇನಿ!"

ರವಿವಾರದ ಭೇಟಿ

ಉಣ್ಣುವಾಗ ಮಕ್ಕಳಿಗೆ ಮೊಬೈಲ್ ತೋರಿಸಬೇಡಿ, ಅಂಜಿಸಬೇಡಿ, ತಮ್ಮ ಕೈಯಿಂದ ತಾವೇ ಉಣ್ಣಲಿ ಬಿಡಿ. ಇದು ನಾನು ಮೂರೂ ತಾಲೂಕಿನಲ್ಲಿ ಹೇಳುವ ಮಾತು.

ಒಂದು ರವಿವಾರ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೂರು ವರ್ಷದ ನನ್ನ ಮಗನಿಗೆ ಉಣಿಸುತ್ತಿದ್ದೆ. ಒಂದು ಕೈಯಲ್ಲಿ ಅನ್ನದ ತುತ್ತು, ಇನ್ನೊಂದರಲ್ಲಿ ಮೊಬೈಲ್. ಮೊಬೈಲಿನಲ್ಲಿ ಕುಣಿಯುವ ನಾಯಿ. "ಬಾಯಿ ತಗೀತಿಯೋ ಪೊಲೀಸರನ್ನ ಕರೀಲೋ?" ಅಂತ ಒದರಿ ತಲೆ ಎತ್ತಿದರೆ, ಗೇಟಿನಲ್ಲಿ ನಾನು ತಿಂಗಳಿಗೆ ಎರಡು ಸಲ ಭೇಟಿಗೆ ಹೋಗುವ ಮನೆಯ ಒಬ್ಬ ತಾಯಿ. ಮಗಳನ್ನು ದವಾಖಾನೆಗೆ ತೋರಿಸಲು ಬಂದವಳು ಮಾತಾಡಿಸಿಕೊಂಡು ಹೋಗೋಣ ಅಂತ ಬಂದಿದ್ದಳು.

ತಟ್ಟನೆ ಮೊಬೈಲನ್ನು ಅಡಿಗೆ ಹಾಕಿಕೊಂಡು ಅದರ ಮೇಲೆ ಕೂತೆ. ನಾಯಿಯ ಹಾಡು ನನ್ನ ಕೆಳಗಿನಿಂದ ಕೇಳುತ್ತಲೇ ಇತ್ತು.

ಆಕೆ ಬಂದು ಕೂತು, ತಾಟನ್ನು ನನ್ನ ಮಗನ ಮುಂದೆ ಸರಿಸಿ, ತನ್ನ ಮಗಳಿಗೂ ಒಂದು ತುತ್ತು ಇಟ್ಟಳು. ಇಬ್ಬರೂ ಚೆಲ್ಲಿಕೊಂಡು ಮೈಗೆಲ್ಲ ಬಳಕೊಂಡು ಉಂಡು ಮುಗಿಸಿದರು.

ಹೊರಡುವಾಗ ಕೇಳಿದಳು, "ಅಕ್ಕಾರ, ನಿಮ್ಮ ಮನಿಗೆ ಯಾರ್ರೀ ಭೇಟಿಗೆ ಬರೋರು?"

"ಯಾರೂ ಇಲ್ಲ" ಅಂದೆ.

"ಅದಕ್ಕ ಹಿಂಗಾಗೇತಿ. ಇರ್ಲಿ ಬಿಡ್ರಿ, ಇನ್ನ ಮ್ಯಾಲೆ ನಾ ಬರ್ತೇನಿ. ತಿಂಗಳಿಗೆ ಎರಡ ಸಲ ಅಲ್ರೀ?"

ಕುಪ್ಪೇಲೂರ

ರಾಣೆಬೆನ್ನೂರಿನಲ್ಲಿ ಮೂರೂವರೆ ವರ್ಷದ ಒಂದು ಹುಡುಗಿ. ಒಂದು ಮಾತೂ ಆಡುತ್ತಿರಲಿಲ್ಲ. ತಂದೆ ರಾಣೆಬೆನ್ನೂರಿನಿಂದ ಕುಪ್ಪೇಲೂರಿಗೆ ಮಂದಿ ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ, ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದಳು. ಡಾಕ್ಟರರು ತಪಾಸ ಮಾಡಿ, ಕಿವಿ ಚೆನ್ನಾಗಿದೆ, ಮನೆಯಲ್ಲಿ ಮಾತು ಜಾಸ್ತಿ ಆಡಿ ಅಂದಿದ್ದರು. "ಓಣ್ಯಾಗ ಮೂಕಿ ಅಂತಾರ್ರಿ ಅಕ್ಕಾರ" ಅಂತ ತಾಯಿ ನನ್ನ ಮುಂದೆ ಅತ್ತಿದ್ದಳು.

ಈ ಕೂಸನ್ನು ನಾನೇ ಮಾತಾಡಿಸುತ್ತೇನೆ ಅಂತ ಹಟ ತೊಟ್ಟೆ. ನಾಲ್ಕು ತಿಂಗಳು ಕಾರ್ಡು ಹಿಡಿದು, "ಇದು ಹಸು. ಅನ್ನು ಪುಟ್ಟಿ, ಹಸು" ಅಂದೆ. ಆ ಓಣಿಯಲ್ಲಿ ಯಾರೂ ಹಸು ಅನ್ನುವುದಿಲ್ಲ, ಆಕಳ ಅನ್ನುತ್ತಾರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಹುಡುಗಿ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದಳು.

ತಂದೆ ದಿನವಿಡೀ ಸ್ಟ್ಯಾಂಡಿನಲ್ಲಿ ಮಂದಿಯನ್ನು ಕೂಗಿ ಕರೆದು ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. "ಮಗಳ ಜೋಡಿ ಮಾತಾಡ್ರಿ" ಅಂದೆ.

"ನನಗ ಕಥಿ, ಹಾಡ ಏನೂ ಬರಂಗಿಲ್ರಿ."

"ನಿಮ್ಮ ಕೆಲಸದ್ದರೆ ಮಾತಾಡ್ರಿ!" ಅಂತ ಬೇಸತ್ತು ಅಂದು ಎದ್ದುಬಂದಿದ್ದೆ. ಅದನ್ನು ನಾನು ಮರೆತೆ, ಅವನು ಮರೆಯಲಿಲ್ಲ. ದಿನಾ ಸಂಜೆ, ತಾಯಿ ಹೊಲದಿಂದ ಬರುವುದರೊಳಗೆ, ಮನೆ ಮುಂದೆ ನಿಲ್ಲಿಸಿದ ಟಂಟಂನಲ್ಲಿ ಮಗಳನ್ನು ಕೂಡಿಸಿಕೊಂಡು ಗಾಡಿ ಆಟ ಶುರು ಮಾಡಿದ್ದ. ನನಗೆ ಇದರ ಸುಳಿವೇ ಇರಲಿಲ್ಲ.

ಒಂದು ದಿನ ನಮ್ಮ ಕೆಲಸ ನೋಡಲು ಮೇಲಿನ ಆಫೀಸಿನಿಂದ ಒಬ್ಬ ಸರ್, ಒಬ್ಬ ಮೇಡಂ ಬಂದರು. ಕಷ್ಟದ ಮನೆಯನ್ನೇ ತೋರಿಸಿ ಅಂದರು. ಇಲ್ಲಿಗೆ ಕರೆತಂದೆ. ಅವತ್ತು ತಂದೆತಾಯಿ ಇಬ್ಬರೂ ಮನೆಯಲ್ಲೇ ಇದ್ದರು. ಸಣ್ಣ ಮನೆ, ಇರುವುದೊಂದೇ ಮಂಚ. ಸರ್ ಭಾರೀ ಆಳು, ನಡುವೆ ಕೂತರು. ಬದಿಗೆ ಮೇಡಂ, ತುದಿಗೆ ನಾನು. ನಾನು ಎದ್ದು ನಿಂತು, ನನ್ನ ವಿಧಾನ ತೋರಿಸಲು ಕಾರ್ಡು ಹಿಡಿದೆ. "ಪುಟ್ಟಿ, ಇದು ಏನು?"

ಹುಡುಗಿ ಕಾರ್ಡು ನೋಡಿದಳು. ಮಂಚದ ಮೇಲಿದ್ದವರನ್ನು ನೋಡಿದಳು. ಬಾಯಿ ತೆರೆದಳು.

"ಕುಪ್ಪೇಲೂರ! ಕುಪ್ಪೇಲೂರ! ಕುಪ್ಪೇಲೂರ!"

ಓಣಿಗೆಲ್ಲ ಕೇಳಿಸಿತು. ಒಳಗೆ ಚಾ ಸೋಸುತ್ತಿದ್ದ ತಾಯಿ ಬೋಗುಣಿ ಕೈಬಿಟ್ಟು ಓಡಿಬಂದಳು. ಸರ್ ಕಾರ್ಡಿನ ಕಡೆ ಬಗ್ಗಿ ನೋಡಿ, "ಇದು ಆಕಳಲ್ವಾ?" ಅಂದರು.

ಹುಡುಗಿ ಸೀದಾ ಸರ್ ಹತ್ತಿರ ಹೋಗಿ ಅವರ ಮೊಣಕಾಲಿಗೆ ಕೈಕೊಟ್ಟು ತಳ್ಳಿದಳು. "ಸರೀರಿ, ಸರೀರಿ. ಇನ್ನಾ ಇಬ್ಬರು ಕುಂದರ್ತಾರ!"

ಸರ್ ಸರಿದರು. ತಾಯಿಗೆ ನಗು, ಅಳು ಎರಡೂ ಒಟ್ಟಿಗೇ ಬಂದಿದ್ದವು. ಹುಡುಗಿ ಆಕೆಯ ಸೆರಗು ಹಿಡಿದೆಳೆದು ಮಂಚದ ಮೇಲೆ ಕೂಡಿಸಿದಳು. ಬಾಗಿಲಲ್ಲಿ ನಿಂತಿದ್ದ ತಂದೆಯನ್ನೂ ಎಳೆದು ತಂದು ತುರುಕಿದಳು.

"ಯಾಕ್ರೀ, ಈಕಿ ಮಾತಾಡ್ತಾಳ ಅಂತ ಹೇಳಬಾರದೇನ್ರೀ?" ಅಂದೆ ಅವನಿಗೆ.

"ಅದೂ ಮಾತಿನಾಗ ಬರ್ತೈತಿ ಅಂತ ನನಗೇನ ಗೊತ್ರಿ ಅಕ್ಕಾರ? ಅದು ಗಾಡಿ ಕೂಗಲ್ಲೇನ್ರಿ!"

ಮೇಡಂ ಡೈರಿ ತೆಗೆದು, "ಬಹಳ ಚೆನ್ನಾಗಿದೆ. ಯಾವ ವಿಧಾನ ಬಳಸಿದಿರಿ ನೀವು?" ಅಂತ ನನ್ನನ್ನು ಕೇಳಿದರು. ಸುಳ್ಳು ಯಾಕೆ ಹೇಳಲಿ, ಆ ಹೊಗಳಿಕೆಯಲ್ಲಿ ನನಗೂ ಒಂದು ತುತ್ತು ಇರಲಿ ಅಂತ ಆಸೆಯಾಯಿತು. ಗಂಟಲು ಸರಿ ಮಾಡಿಕೊಂಡು, ಮಂಚದ ತುದಿಯಲ್ಲಿ ಉಳಿದಿದ್ದ ನಾಲ್ಕು ಬೆರಳು ಜಾಗದಲ್ಲಿ ಕೂರಲು ಹೋದೆ.

ಹುಡುಗಿ ಕೈ ಅಡ್ಡ ಹಿಡಿದಳು.

"ಫುಲ್ ಆಗೇತಿ ಅಕ್ಕಾರ. ನೀವು ಹಿಂದಿನ ಗಾಡಿಗೆ ಬರ್ರಿ."