ಮುಚ್ಚಿದ ಡಿಕ್ಕಿಯೊಳಗೆ ಉರಿಯುತ್ತಲೇ ಇದ್ದ ದೀಪದವರ ಸಮ್ಮುಖಕ್ಕೆ

ಮಾನ್ಯರೇ, ಯಾರೂ ನೋಡದಿದ್ದರೂ ಕರ್ತವ್ಯ ಬಿಡದ ಮಹನೀಯರೇ,

ವಿದ್ಯುತ್ತಿನ ವಿಷಯದಲ್ಲಿ ನನಗೆ ತಿಳಿಯದ್ದು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುವ ಹೊತ್ತಿಗೇ ನನ್ನನ್ನು ಕಂಡರೆ ಟ್ರಾನ್ಸ್‌ಫಾರ್ಮರುಗಳು ಗುಂಯ್‌ಗುಡುವುದನ್ನು ನಿಲ್ಲಿಸುತ್ತಿದ್ದವು, ಸಿಡಿಲು ಕೂಡ ನನ್ನ ಅನುಕೂಲ ವಿಚಾರಿಸಿಕೊಂಡೇ ಬೀಳುತ್ತಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹತ್ತು ವ್ಯಾಟಿನ ತಾವು ಎಂಥವನ ಜೊತೆ ವ್ಯವಹಾರಕ್ಕಿಳಿದಿರಿ ಎಂಬುದು ದಾಖಲೆಯಲ್ಲಿರಲಿ ಎಂದಷ್ಟೇ.

ತಾವು ವಾಸವಾಗಿರುವ ಕಾರು ನನ್ನದು ಎಂಬುದು ತಮಗೆ ಗೊತ್ತಿರಬಹುದು. ನನ್ನ ಅಕ್ಕ ಹೊಲಿಗೆಯವಳು. ಅವಳ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೆ ಎರಡು ಬೆಳಗ್ಗೆ ಊರಿನ ಆಚೆ ತುದಿಯ ಚಿಕಿತ್ಸಾಲಯದಲ್ಲಿ ಕೈ ಎತ್ತಿಸುವ ವ್ಯಾಯಾಮ ಆಗಲೇಬೇಕಿತ್ತು. ಆಗದಿದ್ದರೆ ಭುಜ ಬಿಗಿದುಕೊಂಡು ಅವಳು ಮತ್ತೆ ಹೊಲಿಗೆಯಂತ್ರದ ಮುಂದೆ ಕೂರುವುದು ಅನುಮಾನ ಎಂದು ವೈದ್ಯರು ಹೇಳಿದ್ದರು. ಬಸ್ಸಿನಲ್ಲಿ ಕಂಬಿ ಹಿಡಿಯಲು ಅವಳಿಗೆ ಆಗದು. ಭಾವ, ಅಂದರೆ ಅವಳ ಗಂಡ, ಟ್ಯಾಕ್ಸಿ ಗೊತ್ತುಮಾಡುತ್ತೇನೆ ಎಂದಾಗ ನಾನೇ ಎದೆ ತಟ್ಟಿಕೊಂಡು, "ತಮ್ಮ ಇರೋವಾಗ ಟ್ಯಾಕ್ಸಿ ಯಾಕೆ ಭಾವ, ನನ್ನ ಕಾರನ್ನೇನು ಅಲಂಕಾರಕ್ಕೆ ಇಟ್ಕೊಂಡಿದೀನಾ" ಎಂದಿದ್ದೆ. ತಾವು ಅದನ್ನು ಒಳಗಿನಿಂದ ಕೇಳಿಸಿಕೊಂಡು ನಕ್ಕಿರಬೇಕು.

ಒಂದು ಕೊರತೆ ಬಿಟ್ಟರೆ ಮೊದಲ ಸವಾರಿ ಸುಖವಾಗಿಯೇ ಆಯಿತು. ಡಿಕ್ಕಿಯ ಬಾಗಿಲು ರಸ್ತೆಯ ಪ್ರತಿ ಗುಂಡಿಯಲ್ಲೂ ಲಟಲಟ ಬಡಿದು, ಅದಕ್ಕೆ ಬೆಚ್ಚಿದಾಗಲೆಲ್ಲ ಅಕ್ಕನ ಭುಜಕ್ಕೆ ನೋವಾಗುತ್ತಿದೆ ಎಂದು ತಿಳಿದು, ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಬಾಗಿಲಿನ ಅಂಚಿನುದ್ದಕ್ಕೂ ಅಂಟಿಸಿದೆ. ಸದ್ದು ನಿಂತಿತು. ಕಾರು ಕಂಪನಿಯ ಎಂಜಿನಿಯರುಗಳಿಗೂ ಹೊಳೆಯದ ಉಪಾಯ ಎಂದು ಬೀದಿಯವರಿಗೆಲ್ಲ ತೋರಿಸಿದೆ. ಬಾಗಿಲು ಪೂರ್ತಿ ಕೆಳಗಿಳಿದು ಒಂದು ಪುಟ್ಟ ಸ್ವಿಚ್ಚಿನ ಗುಂಡಿಯನ್ನು ಒತ್ತಿದರೆ ಮಾತ್ರ ತಾವು ಕಣ್ಣು ಮುಚ್ಚುತ್ತೀರಿ, ನನ್ನ ರಬ್ಬರಿನ ದಪ್ಪಕ್ಕೆ ಆ ಬಾಗಿಲು ಗುಂಡಿಯನ್ನು ಮುಟ್ಟುವುದೇ ಇಲ್ಲ ಎಂಬ ಸಣ್ಣ ವಿಚಾರವನ್ನು ತಾವು ನನಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ಅಷ್ಟೊಂದು ಸಂಕೋಚ ಒಳ್ಳೆಯದಲ್ಲ, ಮಹನೀಯರೇ.

ನಡುವೆ ಕಾರು ಮೂರು ದಿನ ನಿಂತಿತು, ತಾವು ನಿಲ್ಲಲಿಲ್ಲ. ಮುಂದಿನ ಬೆಳಗ್ಗೆ ಕೀಲಿ ತಿರುಗಿಸಿದರೆ ಟಿಕ್ ಎಂದಿತು, ಅಷ್ಟೆ. ಅಕ್ಕನ ಆ ದಿನದ ಚಿಕಿತ್ಸೆ ತಪ್ಪಿತು. ಬ್ಯಾಟರಿಗೆ ವಯಸ್ಸಾಯಿತೆಂದು ತೀರ್ಮಾನಿಸಿ ಹೊಸದು ತಂದೆ. ಅದೂ ಮಲಗಿದಾಗ ಡೈನಮೊ ಕೈಕೊಟ್ಟಿದೆಯೆಂದು ಅದನ್ನೂ ಬದಲಿಸಿದೆ. ಗ್ಯಾರೇಜಿನವರು, "ಸುಮ್ನೆ ನಿಂತಾಗ ಯಾವುದೋ ಕರೆಂಟ್ ಎಳೀತಿದೆ ಅಣ್ಣ, ಒಂದೊಂದೇ ಫ್ಯೂಸ್ ತೆಗೆದು ಮೀಟರ್ ನೋಡ್ತೀನಿ, ಗಾಡಿ ಬಿಟ್ಟುಹೋಗಿ" ಎಂದರು. ನನಗೇ ಪಾಠ ಹೇಳುತ್ತಾರಲ್ಲ ಎಂದು ಬೇಸರವಾಗಿ, ಮೀಟರನ್ನು ನಾನೇ ಕೊಂಡು, ಮನೆ ಮುಂದೆ ಕಾರು ನಿಲ್ಲಿಸಿ, ಎಲ್ಲ ಫ್ಯೂಸುಗಳನ್ನೂ ಒಟ್ಟಿಗೆ ಕಿತ್ತು ಟವೆಲಿನ ಮೇಲೆ ಹರಡಿದೆ. ಆಮೇಲೆ ಯಾವುದು ಎಲ್ಲಿಯದೆಂದು ತಿಳಿಯದೆ, ಕಣ್ಣಿಗೆ ಒಪ್ಪುವಂತೆ ಬಣ್ಣ ನೋಡಿ ಜೋಡಿಸಿದೆ. ಅಂದಿನಿಂದ ಹಾರ್ನ್ ಮೌನವ್ರತದಲ್ಲಿದೆ.

ಈ ಅವಧಿಯುದ್ದಕ್ಕೂ ತಮ್ಮ ನಡತೆ ಅತ್ಯಂತ ಸಭ್ಯವಾಗಿತ್ತು. ಬ್ಯಾಟರಿ ತುಂಬಿದ್ದಾಗ ಡಿಕ್ಕಿ ತೆರೆದರೆ ತಾವು ನಗುನಗುತ್ತ ಬೆಳಗುತ್ತಿದ್ದಿರಿ. ಕೆಟ್ಟ ಕಾರಿನಲ್ಲಿ ಇವರೊಬ್ಬರಾದರೂ ಸರಿಯಾಗಿದ್ದಾರಲ್ಲ ಎಂದು ಸಮಾಧಾನಪಟ್ಟೆ. ಬ್ಯಾಟರಿ ಸತ್ತ ಬೆಳಗ್ಗೆ, ಬೇರೆ ಗಾಡಿಯಿಂದ ಕರೆಂಟು ಕೊಡುವ ಕೇಬಲ್ ತೆಗೆಯಲು ತೆರೆದರೆ ತಾವೂ ಕಪ್ಪಾಗಿರುತ್ತಿದ್ದಿರಿ. ಗೆಳೆಯನ ದುಃಖದಲ್ಲಿ ಪಾಲುಗೊಂಡಿದ್ದಾರೆ ಎಂದುಕೊಂಡೆ. ಕೊಂದವರೇ ಸೂತಕ ಹಿಡಿದು ಕೂತಿದ್ದು ನನಗೆ ಹೊಳೆಯಲಿಲ್ಲ.

ಇನ್ನೊಮ್ಮೆ ತಪ್ಪಿದರೆ ಅಕ್ಕನ ಜಾಗ ಬೇರೆಯವರಿಗೆ ಎಂದು ಚಿಕಿತ್ಸಾಲಯದವರು ಹೇಳಿದ ಮೇಲೂ ಕಾರು ಎಚ್ಚರಾಗಲಿಲ್ಲ. ಆ ಬೆಳಗ್ಗೆ ಬನಿಯನ್ನಿನಲ್ಲಿದ್ದ ಭಾವ, ಹಾಲು ಹಾಕಲು ಬಂದಿದ್ದವರು, ಮತ್ತು ಎಡಗೈಯೊಂದನ್ನೇ ಆನಿಸಿ ನನ್ನ ಅಕ್ಕ, ಮೂವರೂ ಕಾರನ್ನು ತಳ್ಳಿದರು. ಸ್ಟೀರಿಂಗ್ ಹಿಡಿದು ಜ್ಞಾನಿಯಂತೆ ಕೂತಿದ್ದವನು ನಾನು. "ಭಾವಮೈದುನರೇ, ಒಳಗೆ ಗಾಳಿ ಸಾಕಾ, ಬೀಸಣಿಗೆ ಕೊಡಲಾ" ಎಂದು ಭಾವ ಕೇಳಿದರು. ಉತ್ತರಿಸಲು ಹಾರ್ನ್ ಕೂಡ ಇರಲಿಲ್ಲ. ತಳ್ಳಿದ ವೇಗಕ್ಕೆ ಎಂಜಿನ್ ಹತ್ತಿಕೊಂಡು, ಚಿಕಿತ್ಸಾಲಯದ ಬಾಗಿಲು ಹಾಕುವ ಮುಂಚೆ ತಲುಪಿದೆವು. ಅಕ್ಕನ ಜಾಗ ಉಳಿಯಿತು.

ಅಂದು ಸಂಜೆ ಅಕ್ಕ ತನ್ನ ಫೋನಿನಲ್ಲಿ ವಿಡಿಯೋ ರೆಕಾರ್ಡಿಂಗ್ ಹಾಕಿ, ಡಿಕ್ಕಿಯೊಳಗೆ ಒರಗಿಸಿ, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತಿಗೆ ತೆರೆದು ನೋಡಿದಳು. ಕತ್ತಲಾಗಬೇಕಿದ್ದ ಪರದೆಯಲ್ಲಿ ನನ್ನ ಹಳೆ ಚಪ್ಪಲಿ, ನೀರಿನ ಕ್ಯಾನು, ಸ್ಪೇರ್ ಟಯರು ಮದುವೆಮನೆಯಂತೆ ಝಗಮಗಿಸುತ್ತಿದ್ದವು. "ನೋಡೋ ವೋಲ್ಟೇಜು," ಎಂದಳು, ನನ್ನ ಅಡ್ಡಹೆಸರು ಅದು, "ನನ್ನ ಭುಜ ನೋಯಬಾರದು ಅಂತ ಅಂಟಿಸಿದ್ದು ಇದೇ ತಾನೆ." ಆಮೇಲೆ ಬಲಗೈಯನ್ನೇ ಎತ್ತಿ, ಹಲ್ಲು ಕಚ್ಚಿ, ರಬ್ಬರನ್ನು ಈ ತುದಿಯಿಂದ ಆ ತುದಿಗೆ ಕಿತ್ತಳು. ಅಷ್ಟು ಎತ್ತರಕ್ಕೆ ಆ ಕೈ ಹೋದದ್ದು ಶಸ್ತ್ರಚಿಕಿತ್ಸೆಯಾದ ಮೇಲೆ ಅದೇ ಮೊದಲು. ನಾನು ಬೈಸಿಕೊಳ್ಳುವುದನ್ನೂ ಮರೆತು ಆ ಕೈಯನ್ನೇ ನೋಡುತ್ತ ನಿಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಬ್ಯಾಟರಿಯನ್ನು ಕುಡಿಯುವ ಮುನ್ನ ಒಮ್ಮೆ ಕೆಮ್ಮಬೇಕು. ಬದಲಾಯಿಸಿ ಎಸೆದ ನಿರಪರಾಧಿ ಡೈನಮೊದ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಭಾವನ ಎದುರು ಹಾಜರಾಗಿ, ತಪ್ಪು ರಬ್ಬರಿನದಲ್ಲ, ವಯಸ್ಸಿಗೆ ಬಂದ ದೀಪದ ಹುಡುಗಾಟ ಎಂದು ಹೇಳಿಕೆ ಕೊಡಬೇಕು. ಇಷ್ಟೂ ನಡೆಸಿಕೊಟ್ಟರೆ ತಮ್ಮ ಗಾಜನ್ನು ನಾನೇ ಖುದ್ದಾಗಿ ಒರೆಸುತ್ತೇನೆ.

ತಮ್ಮ ಬೆಳಕಿಗೆ ಸಿಕ್ಕಿಬಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವೋಲ್ಟೇಜು

ಮರೆತ ಮಾತು: ತಮ್ಮ ಬಲ್ಬನ್ನು ಕಳಚಿ ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಅಲ್ಲಿ ಉರಿದು ತೋರಿಸಿ, ನೋಡೋಣ. ಇನ್ನೊಂದು: ಬ್ಯಾಟರಿ, ಡೈನಮೊ, ಮೀಟರು ಎಲ್ಲ ಸೇರಿ ಐದು ಸಾವಿರ ಎಂದು ಮನೆಯಲ್ಲಿ ಹೇಳಿದ್ದೇನೆ, ತಾವೂ ಅದನ್ನೇ ಹೇಳಬೇಕು. ಭಾವ ಗೊತ್ತುಮಾಡುತ್ತೇನೆಂದ ಟ್ಯಾಕ್ಸಿಯಲ್ಲಿ ಅಕ್ಕ ಕೊನೆಯ ದಿನದವರೆಗೆ ಕಾಲು ಚಾಚಿ ಕೂತು ಹೋಗಿಬಂದಿದ್ದರೂ ನಾನು ಸುರಿದ ದುಡ್ಡಿನಲ್ಲಿ ಇನ್ನೂ ಮಿಗುತ್ತಿತ್ತು. ನಿಜವಾದ ಮೊತ್ತ, ತಮ್ಮ ಕಿವಿಯಲ್ಲಿ ಮಾತ್ರ, ಇಪ್ಪತ್ತೆರಡು ಸಾವಿರದ ನಾನೂರು.