ತಾಳ್ಮೆ: ಹತ್ತಕ್ಕೆ ಹತ್ತು

ಕೆಲವರಿಗೆ ಸುಮ್ಮನೆ ಕೂರುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತರೆಂದರೆ ತಮ್ಮ ನಂಬರು ಕೂಗುವವರೆಗೂ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡುತ್ತ ಇದ್ದುಬಿಡುತ್ತಾರೆ. ದೇವರು ಬೇಸತ್ತು ಕಣ್ಣು ಮುಚ್ಚಬೇಕು, ಅವರು ಮುಚ್ಚುವುದಿಲ್ಲ. ನನಗೆ ಆ ವಿದ್ಯೆ ಒಲಿಯಲಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಶಿಕ್ಷೆಗೆಂದಲ್ಲ, ಹೇಗೂ ಕೂರದವನು ನಿಂತೇ ಇರಲಿ ಎಂದು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಂತದ್ದಕ್ಕೆ ಮನೆಯ ಕಷ್ಟವೇ ಕಾರಣವೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಕಾಲೇಜಿನಲ್ಲಿ ಒಂದೊಂದು ಪೀರಿಯಡ್ಡೂ ಹೈಸ್ಕೂಲಿನದಕ್ಕಿಂತ ಉದ್ದ ಎಂದು ಯಾರೋ ಹೆದರಿಸಿದ್ದರು. ಈ ಸಣ್ಣ ತಪ್ಪನ್ನು ಮೊದಲು ಒಪ್ಪಿಕೊಂಡುಬಿಟ್ಟರೆ ದೊಡ್ಡದನ್ನು ಹೇಳಲು ನಾಲಿಗೆ ಪಳಗುತ್ತದೆ ಎಂದು ಇಷ್ಟು ಹೇಳಿದೆ. ದೊಡ್ಡದು ಇದು: ನಿವೃತ್ತನಾದ ಮೇಲೆ ನಾನು ಮಕ್ಕಳಿಗಾಗಿ ಒಂದು ಕಾರ್ಡಿನ ಆಟ ಕಟ್ಟಿದೆ, ಮತ್ತು ಅದರಿಂದ ನನ್ನ ಒಬ್ಬನೇ ಒಬ್ಬ ಗೆಳೆಯನನ್ನು ಕಳೆದುಕೊಳ್ಳುವ ಹಂತಕ್ಕೆ ಬಂದೆ.

ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಲಗ್ನಪತ್ರಿಕೆ ಕತ್ತರಿಸಿದವನು ನಾನು. ಕಟಿಂಗ್ ಮಿಷನ್ನಿನ ಮುಂದೆ ನಿಂತೇ ಮಾಡುವ ಕೆಲಸವಾದ್ದರಿಂದ ನನಗೆ ಒಗ್ಗಿತ್ತು. ನಿವೃತ್ತಿಯ ದಿನ ಮಾಲೀಕರು ಪೇಟ ತೊಡಿಸಿ, ಗಂಧದ ಹಾರ ಹಾಕಿ, ಫೋಟೋ ತೆಗೆಸಿ, ಕೊನೆಗೆ ಒಂದು ಆರಾಮಕುರ್ಚಿ ಕೊಟ್ಟರು. ಮೀನಿಗೆ ಛತ್ರಿ ಕೊಟ್ಟ ಹಾಗಾಯಿತು. ಕುರ್ಚಿಯನ್ನು ಹಾಲಿನಿಂದ ವರಾಂಡಕ್ಕೆ, ವರಾಂಡದಿಂದ ಹಾಲಿಗೆ ಸಾಗಿಸುವುದೊಂದೇ ಅದರಿಂದ ನನಗಾದ ಉಪಯೋಗ. ಅದಾದ ಮೇಲೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ನಲ್ಲಿಗಳನ್ನೆಲ್ಲ ಬಿಗಿ ಮಾಡಿದೆ. ನನ್ನ ಹೆಂಡತಿ ಸರೋಜ ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಹೇಳಿದಳು, "ರೀ, ನಲ್ಲಿ ಮೊದಲು ಸೋರ್ತಿರ್ಲಿಲ್ಲ. ನೀವು ಸರಿ ಮಾಡಿದ್ಮೇಲೆ ಸೋರ್ತಿದೆ. ಎಲ್ಲಾದ್ರೂ ಹೊರಗೆ ಹೋಗಿ ಸರಿ ಮಾಡಿ."

ಹೊರಗೆ ಇದ್ದವನು ನನ್ನ ಬಹುವರ್ಷದ ಗೆಳೆಯ, ಪಕ್ಕದ ಮನೆಯ ನಂಜುಂಡಪ್ಪ. ವಿಜಯನಗರದ ನಮ್ಮ ಅಡ್ಡರಸ್ತೆ ರಾಗಿ ಹೊಲವಾಗಿದ್ದ ಕಾಲದಿಂದ ಅವರ ಮನೆತನ ಅಲ್ಲಿಯದು. ಹೊಲ ಸೈಟುಗಳಾದ ಮೇಲೆ ಅವನು ಕರೆಂಟಿನ ಆಫೀಸು ಸೇರಿ, ಮನೆ ಮನೆಯ ಮೀಟರ್ ಓದಿ ನಿವೃತ್ತನಾಗಿದ್ದ. ದಿನಾ ಬೆಳಿಗ್ಗೆ ಇಬ್ಬರೂ ಚಂದ್ರಾ ಲೇಔಟಿನ ಒಂದು ದರ್ಶಿನಿಯವರೆಗೆ ನಡೆದು ಬೈಟು ಕಾಫಿ ಕುಡಿಯುತ್ತಿದ್ದೆವು. ಬೈಟು ಎಂದರೆ ಕಾಫಿಯಲ್ಲಿ ಅರ್ಧ ಅವನದು, ಬಿಲ್ಲು ಪೂರ್ತಿ ನನ್ನದು. ನಾನು ಮುಂದೆ ಮುಂದೆ ದಾಪುಗಾಲು ಹಾಕುತ್ತಿದ್ದೆ. ಅವನು ಹಳೆಯ ಅಭ್ಯಾಸಬಲದಿಂದ ಸಿಕ್ಕ ಸಿಕ್ಕ ಮನೆಯ ಮೀಟರಿನ ಕಡೆ ಕಣ್ಣು ಹಾಯಿಸುತ್ತ ಹಿಂದೆ ಬರುತ್ತಿದ್ದ. ಆದರೂ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಒಂದು ಕಡೆ ನೆಲೆ ನಿಲ್ಲುತ್ತಿದ್ದುದು ಆ ಅರ್ಧ ಲೋಟ ಕಾಫಿ ಮುಗಿಯುವ ತನಕ, ಅವನ ಎದುರಿಗೆ ಮಾತ್ರ.

ಆಗ ಬಬಲ್‌ಗಮ್ಮಿನ ಜೊತೆ ಪೈಲ್ವಾನರ ಚಿತ್ರದ ಕಾರ್ಡು ಬರುತ್ತಿದ್ದವು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ನಂಜುಂಡಪ್ಪನ ಮನೆಯ ಕಟ್ಟೆಯ ಮೇಲೆ ಸೇರಿ ಅದೇ ಆಟ. ಒಬ್ಬ ತನ್ನ ಕಾರ್ಡಿನ ಪೈಲ್ವಾನನ ಎದೆಯ ಸುತ್ತಳತೆ ಕೂಗಬೇಕು, ಎದುರಿನವನು ತನ್ನದನ್ನು ಹೇಳಬೇಕು, ಯಾರ ಸಂಖ್ಯೆ ದೊಡ್ಡದೋ ಅವರು ಎರಡೂ ಕಾರ್ಡು ಎತ್ತಿಕೊಳ್ಳಬೇಕು. ಆದರೆ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುತ್ತಿದ್ದುದು ಅದಲುಬದಲು. ನಮ್ಮ ಮಹಡಿಯ ಮನೆಗೆ ಹುಬ್ಬಳ್ಳಿ ಕಡೆಯಿಂದ ಬಾಡಿಗೆಗೆ ಬಂದಿದ್ದವರ ಮಗಳು ಸುಧಾ ಅದರಲ್ಲಿ ಪಳಗಿದವಳು. ನಾನು ವಿಚಾರಿಸಿದಾಗ ಅವಳು ನನ್ನ ಅಜ್ಞಾನಕ್ಕೆ ಮರುಗಿ ತಿಳಿಸಿಕೊಟ್ಟಳು. "ಆಟ ಸುಮ್ನ ನೆಪ ರೀ ಅಜ್ಜಾರ. ಎರಡೆರಡು ಇದ್ದದ್ದು ಕೊಡಬೇಕು, ಇಲ್ಲದ್ದು ತಗೋಬೇಕು. ಯಾರ ಹತ್ರಾನೂ ಇಲ್ಲದ್ದು ನಮ್ಮ ಹತ್ರ ಇದ್ರ, ಅದನ್ನ ತೋರಿಸ್ಬೇಕು, ಕೊಡಬಾರ್ದು."

ನನ್ನೊಳಗೆ ಏನೋ ಚುರುಕ್ ಎಂದಿತು. ಜೀವಮಾನವೆಲ್ಲ ನಾನು ಮಾಡಿದ್ದೂ ಕಾರ್ಡೇ. ಚಿನ್ನದ ಅಂಚು, ಉಬ್ಬಿದ ಅಕ್ಷರ, ದಪ್ಪ ರಟ್ಟು. ಆದರೆ ಅದಕ್ಕಾಗಿ ಯಾರಾದರೂ ಕಿತ್ತಾಡಿದ್ದುಂಟೇ? ಊಟ ಮಾಡಿ ಬಂದ ಮೇಲೆ ಅದರ ಹಿಂಬದಿಯಲ್ಲಿ ಜನ ಹಾಲಿನ ಲೆಕ್ಕ ಬರೆಯುತ್ತಾರೆ. ಯಾವ ದೇಶದ್ದೋ ಪೈಲ್ವಾನನ ತೋಳಿಗೆ ಇಷ್ಟು ಬೆಲೆಯಿದ್ದರೆ, ನಮ್ಮ ಬೀದಿಯಲ್ಲೇ ಇರುವ ಪೈಲ್ವಾನರು ಏನು ಪಾಪ ಮಾಡಿದ್ದರು ಎಂದು ಯೋಚಿಸುತ್ತ ಮನೆಗೂ ಗೇಟಿಗೂ ಓಡಾಡಿದೆ. ಮಾರನೆಯ ದಿನವೇ ಹಳೆಯ ಪ್ರೆಸ್ಸಿಗೆ ಹೋಗಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ರಟ್ಟಿನ ಪಟ್ಟಿಗಳನ್ನು ಚೀಲ ತುಂಬಿಕೊಂಡು ಬಂದೆ.

ರಾಜ್ಯೋತ್ಸವಕ್ಕೆ ಬೀದಿಯವರೆಲ್ಲ ಸೇರಿ ತೆಗೆಸಿದ್ದ ಗ್ರೂಪ್ ಫೋಟೋ ಇತ್ತು. ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಒಂದೊಂದೇ ತಲೆ ಕತ್ತರಿಸಿ ಅಂಟಿಸಿದೆ. ಕೆಳಗೆ ನಾಲ್ಕು ಗುಣ: ಬಾಯಿ, ಕೋಪ, ಕೊಡುಗೈ, ತಾಳ್ಮೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ. ಇಷ್ಟು ವರ್ಷ ಗೇಟಿನ ಹತ್ತಿರ ನಿಂತು ಬೀದಿ ನೋಡಿದ್ದು ವ್ಯರ್ಥವಾಗಲಿಲ್ಲ. ಅಂಕಗಳು ಸರಾಗವಾಗಿ ಬಂದವು. ಎದುರುಮನೆಯ ಜಯಮ್ಮನವರಿಗೆ ಬಾಯಿ ಹತ್ತು. ಸರೋಜಳಿಗೆ ಕೋಪ ಒಂಬತ್ತು. ಸಂಸಾರ ಮಾಡಬೇಕಲ್ಲ ಎಂದು ಒಂದು ಅಂಕ ಬಿಟ್ಟೆ. ಫೋಟೋದಲ್ಲಿ ಕಣ್ಣು ಮುಚ್ಚಿದ್ದ ನಂಜುಂಡಪ್ಪನಿಗೆ ಕೊಡುಗೈ ಒಂದು, ತಾಳ್ಮೆ ಮೂರು. ಸೊನ್ನೆ ಹಾಕದಿದ್ದುದು ಸ್ನೇಹಕ್ಕಾಗಿ. ಕೊನೆಗೆ ನನ್ನ ಕಾರ್ಡು. ಗ್ರೂಪ್ ಫೋಟೋ ತೆಗೆಯುವಾಗ ನಾನು ಸುಮ್ಮನೆ ನಿಲ್ಲದೆ ಮಸುಕಾಗಿ ಬಂದಿದ್ದೆ. ಹಾಗಾಗಿ ನಿವೃತ್ತಿಯ ದಿನದ, ಪೇಟ ಹಾರಗಳ ಫೋಟೋ ಅಂಟಿಸಿದೆ. ತಾಳ್ಮೆ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಹತ್ತು ಎಂದು ಬರೆಯಿತು. ಪೆನ್ನಿನ ಮೇಲೆ ಹಾಕುವುದು ಸರಿಯಲ್ಲ, ಬರೆದವನು ನಾನೇ. ಬೇರೆಯವರದನ್ನೆಲ್ಲ ಹತ್ತಾರು ಜೆರಾಕ್ಸ್ ಮಾಡಿಸಿದೆ. ಸುಧಾ ಹೇಳಿಕೊಟ್ಟ ಪಾಠದಂತೆ ನನ್ನದನ್ನು ಮಾತ್ರ ಒಂದೇ ಒಂದು ಇಟ್ಟೆ. ಎಲ್ಲವನ್ನೂ ಲಗ್ನಪತ್ರಿಕೆಯ ಹಳೆಯ ಕವರುಗಳಲ್ಲಿ ಐದೈದು ತುಂಬಿ, ಒಳಗೆ ಯಾರಿದ್ದಾರೆಂದು ತಿಳಿಯದ ಹಾಗೆ ಅಂಟಿಸಿ ಭಾನುವಾರ ಹಂಚಿದೆ.

ಮೊದಲ ದಿನವೇ ಒಂದು ತೊಡಕು. ರಟ್ಟಿನ ಹಿಂಬದಿಯಲ್ಲಿ ಅರ್ಧಂಬರ್ಧ ಗಣಪತಿ ಉಳಿದಿದ್ದ. ಕಾರ್ಡು ನೆಲಕ್ಕೆ ಬಿದ್ದು ಯಾರ ಕಾಲಾದರೂ ತಗುಲಿದರೆ ಆಟ ನಿಲ್ಲಿಸಿ, ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಹೀಗೆ ಜಯಮ್ಮನವರ ಬಾಯಿಗೆ ಮಕ್ಕಳು ಸಾಯಂಕಾಲವೆಲ್ಲ ನಮಸ್ಕಾರ ಮಾಡಿದರು. ನನ್ನ ಕಾರ್ಡು ಸುಧಾಳ ಪಾಲಿಗೆ ಬಂತು. ಹಾರ ನೋಡಿ ಒಬ್ಬ ಹುಡುಗ, ಈ ಅಜ್ಜ ತೀರಿಕೊಂಡಿದ್ದು ಯಾವಾಗ ಎಂದು ಕೇಳಿದನಂತೆ. ಅದು ಬಿಟ್ಟರೆ ಆಟ ಬೆಂಕಿಯಂತೆ ಹಬ್ಬಿತು. ಪೈಲ್ವಾನರು ಮೂಲೆಗೆ ಬಿದ್ದರು. ಮಕ್ಕಳಿಗೆ ಗುಣ ಯಾವುದು ದೋಷ ಯಾವುದು ಎಂಬ ಭೇದವಿಲ್ಲ, ಸಂಖ್ಯೆ ದೊಡ್ಡದಿದ್ದರಾಯಿತು. ಹಾಗಾಗಿ ಕೋಪ ಒಂಬತ್ತರ ಸರೋಜಳಿಗೆ ವಿಪರೀತ ಬೇಡಿಕೆ. ನೀರಿಗೆ ಬಂದ ಮಕ್ಕಳು ಅವಳನ್ನು ಭಯಭಕ್ತಿಯಿಂದ ನೋಡಿ ಹೋಗುತ್ತಿದ್ದರು. ವಿಷಯ ತಿಳಿದು ಅವಳು, ಇದನ್ನು ಅಳೆದವರು ಯಾರು ಎಂದು ನನ್ನನ್ನು ಕೇಳಿದಳು. ಕಡಿಮೆ ಮಾಡಿಬಿಡುತ್ತೇನೆ ಎಂದೆ. ಸ್ವಲ್ಪ ಯೋಚಿಸಿ, "ಇರ್ಲಿ ಬಿಡಿ, ತರಕಾರಿಯವನಿಗೂ ಗೊತ್ತಾಗಿದೆ, ಕೊಸರು ಜಾಸ್ತಿ ಹಾಕ್ತಿದಾನೆ" ಎಂದಳು.

ದೊಡ್ಡವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಜಯಮ್ಮನವರು ಒಂದು ಬಟ್ಟಲು ಕೋಸಂಬರಿ ಕಳಿಸಿದರು, ಹಿಂದೆಯೇ ತಾವೂ ಬಂದು, ಬಾಯಿಯ ಬಗ್ಗೆ ತಮಗೇನೂ ಬೇಸರವಿಲ್ಲ, ಆದರೆ ಇಷ್ಟೆಲ್ಲ ಹಂಚಿ ತಿನ್ನುವ ತಮಗೆ ಕೊಡುಗೈ ನಾಲ್ಕೇ ಎಂದರು. ಕೋಸಂಬರಿ ಚೆನ್ನಾಗಿತ್ತು, ಎಂಟು ಮಾಡುತ್ತೇನೆಂದೆ. ಸುದ್ದಿ ಹಬ್ಬಿ ಒಬ್ಬರ ಹಿಂದೆ ಒಬ್ಬರು ಬಂದರು. ಜೀವಮಾನದಲ್ಲಿ ಯಾರೂ ನನ್ನ ಹತ್ತಿರ ಶಿಫಾರಸು ತಂದಿರಲಿಲ್ಲ. ಯಾವ ಅಧಿಕಾರಿಯ ತಲೆಯಾದರೂ ಯಾಕೆ ತಿರುಗುತ್ತದೆ ಎಂದು ಆ ವಾರ ನನಗೆ ತಿಳಿಯಿತು. ಎರಡನೆಯ ಮುದ್ರಣದಲ್ಲಿ ಎಲ್ಲರಿಗೂ ಎಲ್ಲದರಲ್ಲೂ ಎಂಟು, ಒಂಬತ್ತು. ಮಕ್ಕಳು ಒಂದು ಸಂಜೆ ಆಡಿದರು. ಕೊಡುಗೈ ಒಂಬತ್ತು ಎಂದರೆ ಅತ್ತಲೂ ಒಂಬತ್ತು, ತಾಳ್ಮೆ ಎಂದರೆ ಅತ್ತಲೂ ಅಷ್ಟೇ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ಯಾರಿಗೂ ಯಾರ ಕಾರ್ಡೂ ಬೇಡವಾಯಿತು. ನಮ್ಮ ಬೀದಿಯವರೆಲ್ಲ ಒಳ್ಳೆಯವರಾದ ದಿನವೇ ಆಟ ಸತ್ತಿತು.

ಆದರೆ ನನ್ನನ್ನು ಕಾಡಿದ್ದು ಅದಲ್ಲ. ಮೊದಲ ಭಾನುವಾರದ ಮಾರನೆಯ ಬೆಳಿಗ್ಗೆಯಿಂದಲೇ ನಂಜುಂಡಪ್ಪ ಬರುವುದನ್ನು ನಿಲ್ಲಿಸಿದ್ದ. ಗೇಟಿನಲ್ಲಿ ನಿಂತು ಕೂಗಿದರೆ ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಆಳು ಬರುತ್ತಿರಲಿಲ್ಲ. ಕೊಡುಗೈ ಒಂದು ಎಂದದ್ದು ಚುಚ್ಚಿದೆ ಎಂದುಕೊಂಡು ಹೊಸ ಮುದ್ರಣದಲ್ಲಿ ಒಂಬತ್ತು ಮಾಡಿ ಗೇಟಿಗೆ ಸಿಕ್ಕಿಸಿ ಬಂದೆ. ಸಂಜೆಗೆ ಅದು ನಮ್ಮ ಗೇಟಿನಲ್ಲಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೂರುವ ಮಾತಂತೂ ಇರಲೇ ಇಲ್ಲ. ಒಬ್ಬನೇ ದರ್ಶಿನಿಗೆ ಹೋದರೆ ಬೈಟು ಕೊಡುವುದಿಲ್ಲ, ಪೂರ್ತಿ ಕಾಫಿ ಒಳಗೆ ಇಳಿಯುವುದಿಲ್ಲ. ಒಂದು ಬೆಳಿಗ್ಗೆ ಹಾಗೇ ಹೊರಟು ಚಂದ್ರಾ ಲೇಔಟ್ ಮುಟ್ಟಿದಾಗ ಅವನು ಅಲ್ಲೇ ಇದ್ದ. ಸ್ವಂತ ದುಡ್ಡಿನಲ್ಲಿ ಪೂರ್ತಿ ಕಾಫಿ ಕುಡಿಯುತ್ತಿದ್ದ. ಪರಿಸ್ಥಿತಿ ಎಷ್ಟು ಹದಗೆಟ್ಟಿದೆ ಎಂದು ನನಗೆ ಮನದಟ್ಟಾದದ್ದು ಆಗಲೇ.

"ಒಂಬತ್ತು ಮಾಡಿದೀನಲ್ಲೋ" ಎಂದೆ.

"ನಿನ್ನ ಒಂಬತ್ತು ಯಾವನಿಗೆ ಬೇಕು?" ಎಂದು ಲೋಟದೊಳಗೇ ನೋಡುತ್ತ ಹೇಳಿದ. "ನಾನು ಜಿಪುಣ ಅಂತ ನಮ್ಮಪ್ಪಂಗೇ ಗೊತ್ತಿತ್ತು. ಒಂದು ಹಾಕಿದ್ಯಲ್ಲ, ಸರಿಯಾಗೇ ಇತ್ತು."

"ಮತ್ತೆ ಇನ್ನೇನು?"

"ನಿಂಗೆ ತಾಳ್ಮೆ ಹತ್ತು, ನಂಗೆ ಮೂರು. ಒಂದಿನ ಆದ್ರೂ ಕಾಫಿ ಆರೋವರ್ಗೂ ಕಾದಿದೀಯೇನಯ್ಯ? ನೀನು ನಾಲಿಗೆ ಸುಟ್ಕೊಂಡು, ನಂಗೂ ಬೇಗ ಕುಡಿ ಅಂತೀಯ. ನಿನ್ನ ಹಿಂದೆ ಓಡೋಡಿ ನನ್ನ ಮಂಡಿ ಸವೆದೋಗಿದೆ. ಇಷ್ಟು ವರ್ಷ ನಿನ್ನ ಜೊತೆ ಇದೀನಲ್ಲ, ಅದು ಯಾರ ತಾಳ್ಮೆ?"

ಅವನು ನಿಧಾನವಾಗಿ ಕಾಫಿ ಮುಗಿಸಿ ಇನ್ನೊಂದು ಮಾತು ಹೇಳಿದ. ಮೀಟರ್ ಓದುವವನು ತನ್ನ ಮನೆಯ ಮೀಟರನ್ನು ತಾನೇ ಓದಬಾರದಂತೆ. ಓದಿದರೆ ಮುಳ್ಳು ತಿರುಗುವುದೇ ಅವನಿಗೆ ಕಾಣುವುದಿಲ್ಲವಂತೆ. ಆ ಹತ್ತು ನಮ್ಮ ಬೀದಿಯಲ್ಲಿರುವ ತನಕ ತಾನು ನನ್ನ ಜೊತೆ ನಡೆಯುವುದಿಲ್ಲ, ಹೊಸದು ಅಚ್ಚು ಹಾಕಿ ಕಣ್ಣೊರೆಸುವುದೂ ಬೇಡ, ಬರೆದದ್ದನ್ನೇ ತಿದ್ದಬೇಕು ಎಂದು ಹೇಳಿ ಹೊರಟುಬಿಟ್ಟ.

ಬರೆದದ್ದು ಇದ್ದದ್ದು ಸುಧಾಳ ಹತ್ತಿರ. ಅಂದು ಸಂಜೆ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು, ಅದನ್ನು ಕೊಡು, ಬದಲಿಗೆ ಸರೋಜಜ್ಜಿಯ ಕೋಪ ಎಷ್ಟು ಬೇಕಾದರೂ ತಗೋ ಎಂದು ಬೇಡಿಕೊಂಡೆ. ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ. "ಅದು ಒಂದ ಐತ್ರೀ. ಕೊಡಂಗಿಲ್ಲ. ಬೇಕಿದ್ರ ತಿದ್ರಿ, ಆದ್ರ ನನ್ನ ಮುಂದ ತಿದ್ಬೇಕು. ಮಾಡಿದವ್ರ ತಮ್ಮ ಕೈಯಾಗ ತಿದ್ದಿದ್ದಂದ್ರ ಬೆಲಿ ಇನ್ನೂ ಜಾಸ್ತಿ ಆಗ್ತೈತಿ." ಸರಿ, ಹಾಗಾದರೆ ತಾ ಎಂದೆ. "ನಾಳಿ ಪರೀಕ್ಷಾ ಐತಿ. ಓದಿ ಮುಗಿಸಿ ತರ್ತೀನಿ, ಕಾಯ್ರಿ ಅಜ್ಜಾರ. ತಾಳ್ಮಿ ಹತ್ತು ಐತಲ್ರೀ ನಿಮ್ದು."

ನಂಜುಂಡಪ್ಪನ ಕಟ್ಟೆಯ ಮೇಲೆ ಹೋಗಿ ಕೂತೆ. ಅವನು ಕಿಟಕಿಯಿಂದ ನೋಡಿದ್ದಿರಬೇಕು. ಹೊರಗೆ ಬಂದು, ಸ್ವಲ್ಪ ಅಂತರ ಬಿಟ್ಟು ಕೂತ. ನಾನು ಕಾಲ ಮೇಲೆ ಕಾಲು ಹಾಕಿದೆ. ತೆಗೆದೆ. ಗೇಟಿನ ಚಿಲಕ ಸಡಿಲವಾದಂತೆ ಕಂಡಿತು, ಎದ್ದು ನೋಡಿದೆ. ಅವನು "ಕೂತ್ಕೋ" ಎಂದ. ಕೂತೆ. ಸುಧಾ ನಿದ್ದೆ ಹೋಗಿದ್ದರೆ ಎಂಬ ಅನುಮಾನ ಬಂದು ಮೆಟ್ಟಿಲವರೆಗೆ ಹೋಗಿ ಬಂದೆ. ಅವನ ಮೀಸೆಯ ಕೆಳಗೆ ಸಣ್ಣ ನಗು ಓಡಾಡುತ್ತಿತ್ತು. ಅಷ್ಟು ದಿನಗಳ ಮೇಲೆ ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಒಂದೆರಡು ನಿಮಿಷ ನಿಜವಾಗಿಯೂ ಸುಮ್ಮನೆ ಕೂತಿದ್ದೆ.

"ಎಷ್ಟು ಬರೀಲಿ, ನೀನೇ ಹೇಳು" ಎಂದೆ.

"ಎರಡು."

"ಎರಡು ತೀರಾ ಕಮ್ಮಿ ಆಯ್ತು ಕಣೋ. ಮೊದಲ್ನೇ ಕಾರ್ಡಲ್ಲಿ ನಿಂದು ಮೂರಿತ್ತು, ನಂದೂ ಮೂರು ಮಾಡು."

"ನಂದು ಹತ್ತು. ನೀನು ಮೂರು ಅಂತ ಬರೆದಿದೀಯ ಅಷ್ಟೆ."

"ನಾಳೆ ಕಾಫಿ ಜೊತೆ ವಡೆ ಕೊಡಿಸ್ತೀನಿ."

ಅವನು ಯೋಚಿಸಿದ. "ಪೂರ್ತಿನೋ, ಬೈಟೋ?"

ಪೂರ್ತಿ ಎಂದೆ. ಜಯಮ್ಮನವರ ಕೋಸಂಬರಿ ನನಗೆ ನೆನಪಾದದ್ದು ಮಾತು ಬಾಯಿಂದ ಬಿದ್ದ ಮೇಲೆ. ಅವನು ಒಪ್ಪುವವನಿದ್ದ, ಅಷ್ಟರಲ್ಲಿ ಸುಧಾ ಕಾರ್ಡು ಹಿಡಿದು ಇಳಿದು ಬಂದಳು. ಪೆನ್ನು ಮರೆತಿದ್ದಳು. ತರುತ್ತೇನೆ ಎಂದು ಅವಳು ತಿರುಗುವ ಮೊದಲೇ ನಾನು ಎದ್ದು, ಚಪ್ಪಲಿ ಕೂಡ ಹಾಕದೆ, ಪೆನ್ನಿಗಾಗಿ ನಮ್ಮ ಮನೆಗೆ ಓಡಿಯಾಗಿತ್ತು. ಏದುಸಿರು ಬಿಡುತ್ತ ತಂದ ಪೆನ್ನನ್ನು ನಂಜುಂಡಪ್ಪ ನನ್ನ ಕೈಯಿಂದ ತೆಗೆದುಕೊಂಡು, ಹತ್ತನ್ನು ಸಾವಕಾಶವಾಗಿ ಹೊಡೆದುಹಾಕಿ, ಪಕ್ಕದಲ್ಲಿ ಎರಡು ಎಂದು ಬರೆದ. ಕೆಳಗೆ ನಾನು ರುಜು ಹಾಕಿದೆ. ಸುಧಾ ಊದಿ ಊದಿ ಮಸಿ ಆರಿಸಿದಳು.

ವಡೆಯನ್ನು ಮಾತ್ರ ಅವನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಚಂದ್ರಾ ಲೇಔಟಿನಲ್ಲಿ ಅದನ್ನು ಚಟ್ನಿಯಲ್ಲಿ ಅದ್ದಿ ಅದ್ದಿ, ಚೂರು ಚೂರೇ ಮುರಿದು ಅವನು ತಿನ್ನುವುದನ್ನು, ಸುಟ್ಟ ನಾಲಿಗೆಯನ್ನು ಹೊರಳಿಸಿಕೊಳ್ಳುತ್ತ, ಮುಗಿಯುವ ತನಕ ನಿಂತು ನೋಡಿದೆ.