ಸೌದೆ ಡಿಪೋದಲ್ಲಿ ಪುಟ್ಟಿಯ ತೂಕ

ಮಗುವನ್ನು ವೈಜ್ಞಾನಿಕವಾಗಿ ಬೆಳೆಸುವುದು ಹೇಗೆಂದು ಇಡೀ ಜಯನಗರಕ್ಕೇ ತೋರಿಸಿಕೊಡುತ್ತೇನೆ ಎಂದು ವಾರಿಜಾ ಶಪಥ ಮಾಡಿದಳು. ಬಿ.ಎಸ್‌ಸಿ. ಓದಿದವಳು, ಸುಮ್ಮನೆ ಬಿಟ್ಟಾಳೆಯೇ! ಐವತ್ತೇಳನೇ ಇಸವಿಯ ಕೊನೆಗೆ, ಮೂರು ತಿಂಗಳ ಪುಟ್ಟಿಯನ್ನು ಎತ್ತಿಕೊಂಡು ತವರಿನಿಂದ ಬಂದ ಮೊದಲ ಭಾನುವಾರವೇ ಅವಳ ಅಪ್ಪಣೆ ಹೊರಬಿತ್ತು: ವಾರಕ್ಕೊಮ್ಮೆ ಮಗುವಿನ ತೂಕ ನೋಡಲೇಬೇಕು!

ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಸ್ಪತ್ರೆ ದೂರ. ಹತ್ತಿರದಲ್ಲಿದ್ದ ಒಂದೇ ಒಂದು ದೊಡ್ಡ ತಕ್ಕಡಿಯೆಂದರೆ ರಸ್ತೆ ಮೂಲೆಯ ಚಿಕ್ಕಬೈರಪ್ಪನ ಸೌದೆ ಡಿಪೋದ್ದು.

"ಮಗೂನ ಸೌದೆ ತೂಗೋ ಹಾಗೆ ತೂಗ್ತಾರೇನೇ? ದೃಷ್ಟಿಯಾಗುತ್ತೆ!" ಎಂದರು ಅತ್ತೆ ಸತ್ಯಭಾಮಮ್ಮ. "ಮೊದಲು ಸೌದೆ ಕಡೆ ನೋಡು. ಒಂದು ಮಣ ಒಂದು ವಾರಕ್ಕೂ ಸಾಲ್ತಿಲ್ಲ. ಮಗು ಸ್ನಾನದ ನೀರು ಕಾಯಿಸೋಕೆ ಅಷ್ಟೊಂದು ಉರಿಸ್ತೀಯಾ?"

ವಾರಿಜಾ ಕಿವಿಗೇ ಹಾಕಿಕೊಳ್ಳಲಿಲ್ಲ. ತಕ್ಕಡಿಯ ತಟ್ಟೆಯ ಮೇಲೆ ಗೋಣಿ, ಗೋಣಿಯ ಮೇಲೆ ಕೌದಿ, ಕೌದಿಯ ಮೇಲೆ ಸಾಕ್ಷಾತ್ ಪುಟ್ಟಿ! ಪುಟ್ಟಿ ವಾರವಾರವೂ ಅರ್ಧರ್ಧ ಪೌಂಡು ಏರಿ ಆರನೇ ಭಾನುವಾರಕ್ಕೆ ಹದಿನಾಲ್ಕು ಪೌಂಡು ಮುಟ್ಟಿದಳು. ಪಕ್ಕದ ಮನೆ ಗೌರಮ್ಮನಿಗೆ ಈ ಸುದ್ದಿ ದಿನಕ್ಕೆರಡು ಸಲ ತಲುಪುತ್ತಿತ್ತು.

ಏಳನೇ ಭಾನುವಾರ ಚಿಕ್ಕಬೈರಪ್ಪ ಕೆಮ್ಮಿದ. "ಹನ್ನೆರಡೂವರೆ, ತಾಯೀ."

"ಏನು? ಸರಿಯಾಗಿ ನೋಡಪ್ಪ!"

"ಇವತ್ತು ಸರಿಯಾಗೇ ಐತೆ" ಎಂದು ಅವನು ಬೇರೆ ಕಡೆ ತಿರುಗಿಕೊಂಡ.

ಒಂದೂವರೆ ಪೌಂಡು ಇಳಿದಿದೆ! ವಾರಿಜಾ ಮನೆಗೆ ಬಂದವಳೇ ತನ್ನ ವಾರದ ಪಾಪಗಳನ್ನೆಲ್ಲ ನೆನೆದಳು. ಮಂಗಳವಾರ ಮಗು ಅಳುತ್ತಿದ್ದರೂ ಕಾದಂಬರಿಯ ಕೊನೆಯ ಎರಡು ಪುಟ ಮುಗಿಸಿಯೇ ಎದ್ದಿದ್ದಳು. ಗುರುವಾರ ಹಾಲು ಕುಡಿಸುತ್ತ ತಾನೇ ನಿದ್ದೆ ಹೋಗಿದ್ದಳು. ಇನ್ನು ಶುಕ್ರವಾರದ್ದಂತೂ ಮಹಾಪಾತಕ! ಊರಿನ ಹೆಂಗಸರಿಗೆಲ್ಲ ಬರುವ ಕೆಲಸ ತನಗೊಬ್ಬಳಿಗೇ ಬರುವುದಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ಅತ್ತೇ, ನಾನು ತಾಯಿಯಾಗೋಕೇ ಲಾಯಕ್ಕಿಲ್ಲ! ನೀವು ಬೇಡ ಅಂದಿದ್ರೂ ಗೌರಮ್ಮನ ಮನೇಲಿ ಹಿದಕಿದ ಅವರೆಬೇಳೆ ಹುಳಿ ತಿಂದೆ. ಎರಡು ಬಟ್ಟಲು!"

ಹಾಲೂಡಿಸುವವಳು ಅವರೆ ತಿಂದರೆ ಮಗುವಿಗೆ ವಾಯು ಎಂದು ಸತ್ಯಭಾಮಮ್ಮ ಆ ವರ್ಷ ಅವರೆಕಾಯಿಯನ್ನು ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

"ಎರಡು ಬಟ್ಟಲು ಹುಳಿಗೆ ಒಂದೂವರೆ ಪೌಂಡ್ ಇಳಿಯುತ್ತೇನಮ್ಮ?" ಎಂದ ವಾರಿಜಾಳ ಗಂಡ ಬದರಿನಾಥ.

"ನೀನು ಸುಮ್ನಿರೋ!"

ಸತ್ಯಭಾಮಮ್ಮ ಸೊಸೆಯನ್ನು ಬೈಯಲಿಲ್ಲ. ಪುಟ್ಟಿಯ ತೊಡೆ ಹಿಸುಕಿ ನೋಡಿದರು. ಎರಡು ಕೈಯಲ್ಲಿ ಎತ್ತಿ ಇಳಿಸಿ ನೋಡಿದರು. "ಇವಳೆಲ್ಲೂ ಇಳಿದಿಲ್ಲ. ನಡೀರಿ ಡಿಪೋಗೆ" ಎಂದು ಮುಂದೆ ಹೊರಟೇಬಿಟ್ಟರು.

"ಬೈರಪ್ಪ, ಈ ವಾರದಲ್ಲಿ ಬದಲಾಗಿದ್ದು ಯಾವ್ದು? ಮಗೂನೋ, ತಕ್ಕಡೀನೋ?"

ಚಿಕ್ಕಬೈರಪ್ಪ ಒಮ್ಮೆ ಪುಟ್ಟಿಯನ್ನು ನೋಡಿದ, ಒಮ್ಮೆ ಅತ್ತು ಕೆಂಪಾದ ಕಣ್ಣಿನ ವಾರಿಜಾಳನ್ನು ನೋಡಿದ. "ಬುಧವಾರ ತೂಕದ ಇನ್ಸ್‌ಪೆಕ್ಟ್ರು ಬಂದಿದ್ರು ಅಮ್ಮಾವ್ರೇ..." ಎನ್ನುತ್ತ ಮೂಲೆಯಿಂದ ಒಂದು ಕಬ್ಬಿಣದ ತುಂಡು ತಂದ. ಆ ಬುಧವಾರದವರೆಗೂ ಅದು ಸೌದೆ ಹೇರುವ ತಟ್ಟೆಯ ತಳಕ್ಕೆ ಅಂಟಿಕೊಂಡು ಕುಳಿತಿತ್ತು! ಸತ್ಯಭಾಮಮ್ಮ ಅದನ್ನು ಕಸಿದುಕೊಂಡು ತಕ್ಕಡಿಯಲ್ಲಿ ಪುಟ್ಟಿಯ ಪಕ್ಕಕ್ಕೇ ಇಟ್ಟರು. ಹದಿನಾಲ್ಕೂವರೆ! ಪುಟ್ಟಿ ಎಂದಿನಂತೆ ಅರ್ಧ ಪೌಂಡು ಏರಿಯೇ ಇದ್ದಳು.

"ಹಾಗಾದ್ರೆ ಇಷ್ಟು ದಿನ ನಮ್ಮನೆಗೆ ಬಂದ ಸೌದೆ?"

ಚಿಕ್ಕಬೈರಪ್ಪ ಒಂದು ಹೊರೆ ಸೌದೆ ತಂದು ಬದರಿನಾಥನ ಹೆಗಲಿಗೇರಿಸಿದ.

ಮನೆಯ ದಾರಿಯಲ್ಲಿ ಸತ್ಯಭಾಮಮ್ಮನೇ ಮಾತು ತೆಗೆದರು. "ಸೌದೆ ಮುಗೀತಿದ್ದಿದ್ದು ನಿನ್ನ ತಪ್ಪಲ್ಲ ಕಣೇ. ಮಗೂನೂ ಚೆನ್ನಾಗೇ ನೋಡ್ಕೊಂಡಿದೀಯ."

ವಾರಿಜಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಗೇಟಿನ ಹತ್ತಿರ ಅತ್ತೆ ಗಕ್ಕನೆ ನಿಂತರು.

"ಆದ್ರೆ ಆ ಹುಳಿ ವಿಷಯ?"

"ತಪ್ಪಾಯ್ತು ಅತ್ತೆ, ಇನ್ನು ಮುಟ್ಟಲ್ಲ."

"ಅದಲ್ಲ ಕಣೇ! ನಿನ್ನೆದುರಿಗೆ ತಿನ್ನಬಾರದು ಅಂತ ಈ ವರ್ಷ ನಾನೂ ಬಾಯಿ ಕಟ್ಕೊಂಡು ಕೂತಿದೀನಿ. ಎರಡು ಬಟ್ಟಲು ತಿಂದೋಳಿಗೆ, ನನಗೂ ಒಂದು ಬಟ್ಟಲು ತರಬೇಕು ಅನ್ನಿಸ್ಲಿಲ್ವೇನೇ?"